ಮೊದಲ ಬೊಗಸೆ

ಬೆಟ್ಟಗಳೂ ಮಾತಾಡುತ್ತಿದ್ದ ಕಾಲವದು. ತೊರೆಸೀಮೆ ಎಂಬ ರಾಜ್ಯದ ನಡುವೆ ಹಿರಿಹೊಳೆ ಹರಿಯುತ್ತಿತ್ತು. ಗದ್ದೆಗೆ, ಗುಡಿಸಲಿಗೆ, ಆನೆಗೆ, ಇರುವೆಗೆ, ಎಲ್ಲರಿಗೂ ಅದೊಂದೇ ನೀರು. ಅಲ್ಲಿನ ಅಂಬಿಗರದೊಂದು ಪದ್ಧತಿ: ಬಾಯಾರಿ ಹೊಳೆಯ ನೀರು ತೆಗೆದುಕೊಂಡರೆ ಮೊದಲ ಬೊಗಸೆಯನ್ನು ಹೊಳೆಗೇ ಹಾಕಿ, ಆಮೇಲೆ ಕುಡಿಯಬೇಕು.

ಒಂದು ದಿನ ತಾಮ್ರಾಕ್ಷನೆಂಬ ಮಾಂತ್ರಿಕ ಬೆಟ್ಟದ ಮೇಲೆ ಕೂತು, ಇಡೀ ಹೊಳೆಯನ್ನು ತನ್ನ ಹಂಡೆಯೊಳಗೆ ಎಳೆದುಕೊಂಡ. ಆ ಮಂತ್ರಕ್ಕೊಂದು ಕುಂದಿತ್ತು. ಬಾಯಾರಿದವರು ಯಾರಾದರೂ ತಮ್ಮ ಪಾಲಿನ ನೀರನ್ನು ಒಣಗಿದ ಹೊಳೆಗೆ ಸುರಿದರೆ ಮಂತ್ರ ಕೆಟ್ಟುಹೋಗುತ್ತಿತ್ತು. ‘ಬಾಯಾರಿದವರು ಯಾರು ತಾನೇ ಸುರಿಯುತ್ತಾರೆ?’ ಎಂದು ಅವನು ನಿಶ್ಚಿಂತೆಯಿಂದಿದ್ದ. ಮಂತ್ರವೇನೋ ಕಲಿತಿದ್ದ, ಅಂಬಿಗರನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ ನೋಡಿ!

ಊರು ಗುಳೆ ಹೊರಟಿತು. “ನಾವೇನೋ ಗಂಟುಮೂಟೆ ಕಟ್ಟಿಕೊಂಡು ಹೋದೇವು. ಮೀನು, ಮೊಸಳೆ ಎಲ್ಲಿಗೆ ಹೋಗಬೇಕು?” ಎಂದು ಹರಿಗೋಲು ನಡೆಸುವ ಕೆಂಚವ್ವ ಸಿಡುಕಿದಳು. ಮನೆಯಲ್ಲುಳಿದ ಮೂರೇ ಗುಟುಕು ನೀರನ್ನು ಸೋರೆಬುರುಡೆಗೆ ತುಂಬಿಕೊಂಡು, ಒಣಹೊಳೆಯ ಜಾಡು ಹಿಡಿದು ಬೆಟ್ಟ ಹತ್ತಿದಳು.

ಮೊದಲು ಸಿಕ್ಕಿದ್ದು ಕೆಸರಲ್ಲಿ ಹೂತ ಮೊಸಳೆ. “ಕೆಂಚವ್ವ, ಒಂದು ಗುಟುಕು!”

“ಕೈ ಕಚ್ಚಿದರೆ?”

“ಬಾಯಿ ಮುಚ್ಚೋಕೂ ತ್ರಾಣ ಇಲ್ಲ ತಾಯಿ.”

ಕೊಟ್ಟಳು.

ಆಮೇಲೆ ಮರಿಗಳನ್ನು ತಬ್ಬಿಕೊಂಡ ನೀರುನಾಯಿ. “ಕೆಂಚವ್ವ, ಒಂದು ಗುಟುಕು!” ಬೈದುಕೊಂಡೇ ಕೊಟ್ಟಳು.

ಕೊನೆಗೆ ಮುದಿ ಕೊಕ್ಕರೆ. “ಕೆಂಚವ್ವ...”

“ಗೊತ್ತು, ಗೊತ್ತು. ಬಾಯಿ ತೆಗಿ.” ಬುರುಡೆ ಬರಿದಾಯಿತು.

ಮಾಂತ್ರಿಕನ ಮುಂದೆ ನಿಂತಾಗ ಅವಳ ನಾಲಿಗೆ ಅಂಗುಳಿಗೆ ಅಂಟಿತ್ತು. “ನಮ್ಮ ಹೊಳೆ ಬಿಡೋ” ಎಂದಳು.

“ಹೊಳೆ ಬಿಡೋದಿಲ್ಲ. ಒಂದು ಬೊಗಸೆ ನೀರು ಕೊಡ್ತೀನಿ. ಕುಡಿದರೆ ಜೀವವಿರೋವರೆಗೂ ನನ್ನ ಆಳಾಗಿರಬೇಕು.”

ಕೆಂಚವ್ವನಿಗೆ ಅಳುವೇ ಬಂತು, ಅಷ್ಟು ಬಾಯಾರಿತ್ತು. ಬೊಗಸೆ ಒಡ್ಡಿದಳು. ತಣ್ಣನೆ ನೀರು ಬಿತ್ತು. ಆದರೆ ಹುಟ್ಟಿದಾಗಿನಿಂದ ರೂಢಿಯಾದ ಕೈ ಬಾಯಿಯ ಕಡೆ ಬರಲಿಲ್ಲ. ಬಗ್ಗಿ, ಅಷ್ಟನ್ನೂ ಒಣಹೊಳೆಗೆ ಸುರಿದುಬಿಟ್ಟಳು.

“ಅಯ್ಯೋ! ಏನು ಮಾಡಿದೆಯೇ!” ಎಂದು ತಾಮ್ರಾಕ್ಷ ಚೀರಿದ.

“ಮೊದಲ ಬೊಗಸೆ ಹೊಳೆಯದಲ್ಲವೇನೋ? ಎರಡನೆಯದು ಹಾಕು, ಆಳಾಗೋ ಮಾತು ಆಮೇಲೆ ನೋಡೋಣ.”

ಎರಡನೆಯದು ಎಲ್ಲಿ ಬಂತು? ಹಂಡೆ ಬಿರಿದು ಹಿರಿಹೊಳೆಯೇ ಧುಮ್ಮಿಕ್ಕಿತು. ಮಂತ್ರವೆಲ್ಲ ತೊಳೆದುಹೋದ ಮಾಂತ್ರಿಕನನ್ನು ಮೊಸಳೆ ಧೋತರದ ಚುಂಗು ಹಿಡಿದು ದಡಕ್ಕೆಳೆಯಿತು. ಗುಳೆ ಹೋದವರು ಓಡೋಡಿ ಬಂದರು, ನೀರುನಾಯಿ ಮರಿಗಳು ಲಾಗ ಹಾಕಿದವು, ಗದ್ದೆಗಳು ಹಸಿರಾದವು, ಎಲ್ಲರೂ ಉಂಡುಟ್ಟು ಸುಖವಾಗಿದ್ದರು.

ತಾಮ್ರಾಕ್ಷನೂ ಸುಖವಾಗಿಯೇ ಇದ್ದ. ಕೆಂಚವ್ವನ ಹರಿಗೋಲಿಗೆ ಹುಟ್ಟು ಹಾಕುತ್ತಿದ್ದ. ಬಾಯಾರಿದಾಗ ಹೊಳೆಗೆ ಕೈಯಿಟ್ಟು, ಮೊದಲು ಕೆಂಚವ್ವನ ಮುಖ ನೋಡಿ, ಬೊಗಸೆ ನೀರನ್ನು ಹೊಳೆಗೆ ಸುರಿದು, ಆಮೇಲೆ ಕುಡಿಯುತ್ತಿದ್ದ.