ಹೊರಗೆ ಕೂತವರನ್ನು ಕೇಳಿದಾಗ

"ಈ ಫಾರಂಗಳನ್ನ ತುಂಬಿಸಿದ್ದು ಯಾವತ್ತಮ್ಮಾ?"

ಪರೀಕ್ಷಕನಾಗಿ ಕೂತಿದ್ದ ರಾಮಿಲ್ ಕೇಳಿದ್ದು ಇಷ್ಟೇ. ಧ್ವನಿಯನ್ನೂ ಏರಿಸಲಿಲ್ಲ. ಆದರೂ ವೈವಾ ನಡೆಯುತ್ತಿದ್ದ ಆ ಕೋಣೆಯಲ್ಲಿ ಜೋನಲಿನ್‌ಳ ಮುಖ ಬಿಳಿಚಿಕೊಂಡಿತು.

ಜೋನಲಿನ್ ಅರ್ಥಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿನಿ. ಪದವಿ ಸಿಗಬೇಕಾದರೆ ಅಲ್ಲಿ ಪ್ರತಿಯೊಬ್ಬರೂ ಸ್ವಂತವಾಗಿ ಒಂದು ಸಂಶೋಧನೆ ಮಾಡಿ ಒಪ್ಪಿಸಬೇಕು. ಊರಿನಲ್ಲಿ ಹೊಸ ಮಾರುಕಟ್ಟೆ ಕಟ್ಟಡ ಎದ್ದು ನಾಲ್ಕು ವರ್ಷವಾದರೂ ಮೀನು ಮಾರುವ ಹೆಂಗಸರು ಒಳಗೆ ಹೋಗದೆ ದೋಣಿ ನಿಲ್ಲುವ ಜೆಟ್ಟಿಯ ಮೇಲೆಯೇ ಕೂರುವುದೇಕೆ ಎನ್ನುವುದು ಅವಳ ವಿಷಯ. ಎಂಬತ್ತು ಫಾರಂಗಳಲ್ಲೂ ಒಂದೇ ಉತ್ತರವಿತ್ತು... ಮಳಿಗೆಯ ಬಾಡಿಗೆ ಹೆಚ್ಚು.

"ಇಪ್ಪತ್ತು ಫಾರಂ ಮೇಲೆ ಗುಡ್ ಫ್ರೈಡೆ ತಾರೀಖಿದೆ. ಆವತ್ತು ನಮ್ಮೂರಲ್ಲಿ ಒಂದು ದೋಣೀನೂ ಕಡಲಿಗಿಳಿಯಲ್ಲ. ಮೀನು ಮಾರ್ತಿದ್ದೋರು ಯಾರು?"

ಹುಡುಗಿ ಅತ್ತುಬಿಟ್ಟಳು. ಹಾಸ್ಟೆಲಿನಲ್ಲಿ ಕೂತು ತಾನೇ ತುಂಬಿದ್ದಾಗಿ ಒಪ್ಪಿಕೊಂಡಳು.

ಅವಳ ಗೈಡ್ ಝೆನೈದಾ ಪಕ್ಕದಲ್ಲೇ ಕೂತಿದ್ದಳು. ಇಲೊಇಲೊ ಎಂಬ ಕಡಲೂರಿನ ಆ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಸಂಶೋಧನೆಯ ಪಾಠ ಹೇಳುತ್ತಿದ್ದವಳು ಅವಳೇ. ರಾಮಿಲ್ ಸಂಖ್ಯಾಶಾಸ್ತ್ರ ಕಲಿಸಲು ಬಂದು ಮೂರೇ ತಿಂಗಳು. ಅಷ್ಟರಲ್ಲೇ ಸ್ಟಾಫ್ ರೂಮಿನ ಬಾಗಿಲು ತೆರೆದಾಗಲೆಲ್ಲ ಅವಳ ಕಣ್ಣು ಅತ್ತ ಹೊರಳುವುದು ರೂಢಿಯಾಗಿತ್ತು. ಇಂಥವನಿಗಾಗಿಯೇ ನಾನು ಕಾದದ್ದು? ಛೆ...

ಹೊರಗೆ ಬಂದವಳೇ ಅವನನ್ನು ತಡೆದಳು. "ನಿಮ್ಮ ಜಾಣತನ ತೋರ್ಸೋಕೆ ನನ್ನ ಹುಡುಗೀನೇ ಬೇಕಿತ್ತಾ?"

"ಸುಳ್ಳು ಅಂತ ಗೊತ್ತಿದ್ದೂ ನಾನು ಸಹಿ ಹಾಕ್ಬೇಕಿತ್ತಾ, ಮೇಡಂ?"

ಅವಳು ಸರ್ರನೆ ತಿರುಗಿ ನಡೆದುಬಿಟ್ಟಳು.

ಮರುದಿನ ಡೀನ್ ಝೆನೈದಾಳನ್ನು ಕರೆಸಿದರು. ಎಲ್ಲವನ್ನೂ ಮೊದಲಿನಿಂದ ಮಾಡಲು ಜೋನಲಿನ್‌ಗೆ ಆರು ವಾರ ಕೊಟ್ಟಿದ್ದರು. ಆಗದಿದ್ದರೆ ಪದವಿ ಮುಂದಿನ ವರ್ಷಕ್ಕೆ. ಇನ್ನೊಂದು ಮಾತನ್ನು ಅವರು ಕಡತ ನೋಡುತ್ತಲೇ ಹೇಳಿದರು: ಸಂಶೋಧನೆಯ ಪಾಠವನ್ನು ಮುಂದಿನ ವರ್ಷದಿಂದ ರಾಮಿಲ್‌ಗೆ ಕೊಡುವ ಆಲೋಚನೆಯಿದೆ.

ಓ... ಇದಕ್ಕೇ ಹಾಕಿದ ಗಾಳವೇ ಅದು! ಆವತ್ತಿನಿಂದ ಝೆನೈದಾ ಅವನ ಜೊತೆ ಮಾತು ಬಿಟ್ಟಳು.

ಸಿಟ್ಟಿನ ಜೊತೆಗೆ ಇನ್ನೊಂದು ಸಂಗತಿಯೂ ಅವಳನ್ನು ಕೊರೆಯುತ್ತಿತ್ತು. ಬುದ್ಧಿವಂತೆ ಹುಡುಗಿ, ಯಾಕೆ ಹೀಗೆ ಮಾಡಿದಳು? ಕರೆದು ಕೇಳಿದಾಗ ಜೋನಲಿನ್ ನೆಲ ನೋಡಿದಳು.

"ಉತ್ತರ ನಿಮ್ಮ ಲೇಖನದಲ್ಲೇ ಇತ್ತಲ್ಲ ಮೇಡಂ. ಜೆಟ್ಟಿಗೆ ಹೋಗಿ ಬೇರೇನಾದ್ರೂ ಬಂದಿದ್ರೆ, ನಂದೇ ತಪ್ಪಾಗ್ತಿತ್ತು."

ಝೆನೈದಾ ಹಳೆಯ ಫಾರಂ ಒಂದನ್ನು ಎತ್ತಿಕೊಂಡು ನೋಡಿದಳು. ಎರಡು ವರ್ಷದ ಹಿಂದೆ ಅದೇ ವಿಷಯದ ಮೇಲೆ ಬರೆದು ಹೆಸರು ಪಡೆದವಳು ಅವಳು. ವಿಷಯ ಕೊಟ್ಟದ್ದು ಅವಳು. ಪ್ರಶ್ನೆ ಬರೆದುಕೊಟ್ಟದ್ದೂ ಅವಳು. ಟಿಕ್ ಹಾಕಬೇಕಾದ ಉತ್ತರಗಳನ್ನೂ ಅವಳೇ ಅಚ್ಚು ಹಾಕಿಸಿದ್ದಳು. ಹುಡುಗಿ ಹುಡುಕುವುದಕ್ಕೆ ಏನು ಉಳಿದಿತ್ತು?

ಆ ಫಾರಂ ಎಸೆಯಲು ಹೇಳಿದಳು. ಮೂರು ದಿನ ಜೆಟ್ಟಿಯಲ್ಲಿ ಸುಮ್ಮನೆ ಕೂತು ನೋಡು, ಆಮೇಲೆ ನಿನ್ನ ಪ್ರಶ್ನೆ ನೀನೇ ಬರಿ ಎಂದಳು. ಮೊದಲ ದಿನ ತಾನೂ ಜೊತೆಗೆ ಹೋದಳು.

ಆವತ್ತು ಶನಿವಾರ, ಕಾಲೇಜಿಗೆ ರಜೆ. ಪ್ಯಾಂಟು ಮಡಚಿ, ಬೂತಾಯಿ ಮೀನು ತುಂಬಿದ ಬೋಗುಣಿಯನ್ನು ಹೆಗಲ ಮೇಲೆ ಹೊತ್ತು ದೋಣಿಯಿಂದ ಇಳಿದು ಬಂದವನು... ರಾಮಿಲ್!

ಮೀನು ಹರವಿಕೊಂಡು ಕೂತಿದ್ದ ಮುದುಕಿ ಓಸಾಂಗ್ ಅವನ ತಾಯಿ. ಮಗ ಹೆಸರು ಹೇಳಿ ಪರಿಚಯಿಸುತ್ತಿದ್ದಂತೆ ಅವಳು ಝೆನೈದಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ದಿನಾ ಊಟಕ್ಕೆ ಕೂತಾಗ ನೀನು ಜಪ ಮಾಡೋ ಮೇಡಂ ಇವಳೇ ಏನೋ?"

ರಾಮಿಲ್‌ನ ಕಿವಿ ಕೆಂಪಾಯಿತು.

"ಆ ಪಾಠ ಅವರದು, ಅವರ ಹತ್ರಾನೇ ಇರ್ಲಿ, ನಂಗೆ ಬೇಡ ಅಂತ ಡೀನ್‌ಗೆ ಕಾಗದ ಕೊಟ್ಟು ಬಂದಿದ್ದಾನೆ," ಎಂದಳು ಓಸಾಂಗ್, ಈಗ ಝೆನೈದಾಳ ಕಡೆ ತಿರುಗಿ. "ಕೈಗೆ ಬಂದಿದ್ದನ್ನ ಒದೆಯೋ ಮಗನ್ನ ಹೆತ್ತಿದ್ದೀನಿ ನೋಡು."

"ಅಮ್ಮಾ, ಸಾಕು."

ಝೆನೈದಾಗೆ ನಾಚಿಕೆಯಾಯಿತು. ಒಂದು ಮಾತು ಕೇಳಿದ್ದರೆ ಸಾಕಿತ್ತು... ನಾನು ಕೇಳಲೇ ಇಲ್ಲವಲ್ಲ!

ಇದರ ಒಳಗುಟ್ಟು ತಿಳಿಯದ ಜೋನಲಿನ್ ಮಾತ್ರ ಮುದುಕಿಯ ಪಕ್ಕ ಕೂತಳು. ಮೂರು ದಿನ ಸುಮ್ಮನಿರಬೇಕೆಂಬುದು ಮರೆತೇಹೋಗಿತ್ತು. "ಅಜ್ಜಿ, ನೀವು ಆ ಕಟ್ಟಡಕ್ಕೆ ಯಾಕೆ ಹೋಗಲ್ಲ?"

"ದೋಣಿ ಬರೋದು ಮಧ್ಯಾಹ್ನ ಮೂರಕ್ಕೆ. ಅಲ್ಲಿ ಗೇಟು ಹಾಕೋದು ನಾಲ್ಕಕ್ಕೆ. ಒಂದು ಗಂಟೆಲಿ ಇಷ್ಟು ಮೀನು ಯಾರಿಗೆ ಮಾರ್ಲಿ ಮಗಳೇ?"

ಬಾಡಿಗೆಯ ಬಗ್ಗೆ ಕೇಳಿದರೆ ಓಸಾಂಗ್ ನಕ್ಕಳು. ಅದು ಎಷ್ಟು ಅಂತ ಕೇಳುವಷ್ಟು ದೂರ ಅವಳು ಯಾವತ್ತೂ ಹೋಗಿರಲಿಲ್ಲ.

ಮುಂದಿನ ಐದು ವಾರ ಮೂವರೂ ಒಂದೇ ಮೇಜಿಗೆ ಕೂತರು. ರಾಮಿಲ್ ಅಂಕಿಗಳನ್ನು ಜೋಡಿಸುವುದು ಹೇಳಿಕೊಟ್ಟ. ಝೆನೈದಾ ಕರಡು ಓದಿ, ತಿದ್ದಲು ಚಡಪಡಿಸುವ ಕೈಯನ್ನು ಬಿಗಿಹಿಡಿದು, ಅಂಚಿನಲ್ಲಿ ಬರೀ ಪ್ರಶ್ನೆಗಳನ್ನು ಬರೆದಳು. ತಾಯಿ ಆಡಿದ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದು ದಿನವೂ ಅಂದುಕೊಂಡು ಬರುತ್ತಿದ್ದಳು. ಅವನು ತಲೆಯೆತ್ತಿ ನೋಡಿದರೆ ಕರಡಿನ ಹಾಳೆ ತಿರುವುತ್ತಿದ್ದಳು...

ಎರಡನೇ ವೈವಾಕ್ಕೆ ಹೊರಗಿನಿಂದ ಹಿರಿಯ ಪ್ರಾಧ್ಯಾಪಕರೊಬ್ಬರು ಬಂದಿದ್ದರು. ಎಲ್ಲ ಓದಿ ಕನ್ನಡಕ ತೆಗೆದರು. ನಿನ್ನ ಗೈಡ್ ಬಾಡಿಗೆ ಅನ್ನುತ್ತಾರೆ, ನೀನು ಗೇಟಿನ ಸಮಯ ಅನ್ನುತ್ತೀಯ, ಯಾರದು ಸರಿ ಎಂದು ಕೇಳಿದರು.

ಜೋನಲಿನ್ ಹೆದರಿ ಝೆನೈದಾಳತ್ತ ನೋಡಿದಳು.

"ನನ್ನ ಕಡೆ ನೋಡ್ಬೇಡ," ಎಂದಳು ಝೆನೈದಾ. "ನೀನು ಕಂಡಿದ್ದನ್ನ ಹೇಳು."

ಹುಡುಗಿ ಉಗುಳು ನುಂಗಿದಳು. "ಮೇಡಂ ಕೇಳಿದ್ದು ಕಟ್ಟಡದೊಳಗೆ ಮಳಿಗೆ ಹಿಡಿದವರನ್ನ, ಸರ್. ಬಾಡಿಗೆ ಕಟ್ಟೋರಿಗೆ ಬಾಡಿಗೇನೇ ಕಷ್ಟ. ನಾನು ಹೊರಗೆ ಕೂತವರನ್ನ ಕೇಳ್ದೆ."

ಪ್ರಾಧ್ಯಾಪಕರು ಕನ್ನಡಕ ಮತ್ತೆ ಹಾಕಿಕೊಂಡರು.

ನೋವಾಗುತ್ತದೆಂದು ಝೆನೈದಾ ಕಾದಳು. ಆಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಬ್ಬಳಿಗೆ ಪಾಠ ಹತ್ತಿತ್ತು! ಅವಳ ಕಣ್ಣು ತುಂಬಿತು. ಪ್ರಾಧ್ಯಾಪಕರು ಸಹಿ ಹಾಕಿದರು.

ಆ ಮಧ್ಯಾಹ್ನ ಊಟಕ್ಕೆ ಬರುತ್ತೀರಾ ಎಂದು ರಾಮಿಲ್‌ನನ್ನು ಕೇಳಿದವಳು ಅವಳೇ. ಕಾಲೇಜಿನೆದುರಿನ ಅಂಗಡಿಯಲ್ಲಿ ಎರಡು ಬೋಗುಣಿ ಬಿಸಿ ಬಾಟ್ಚೊಯ್ ಬಂತು. ಶ್ಯಾವಿಗೆ ಸಾರಿನ ಹಬೆಯ ಆಚೆ ಅವನ ಮುಖ.

"ನಿಮ್ಮನ್ನ ಒಂದು ಮಾತೂ ಕೇಳ್ದೆ ತೀರ್ಮಾನ ಮಾಡಿಬಿಟ್ಟೆ," ಎಂದಳು. "ಕ್ಷಮಿಸಿ."

ತನ್ನದೂ ತಪ್ಪಿದೆ ಎಂದ ಅವನು. ಆ ಹುಡುಗಿಯನ್ನು ಹೊರಗೆ ಕರೆದು ಕೇಳಬೇಕಿತ್ತು, ಹಾಗೆ ಎಲ್ಲರೆದುರು ಅಲ್ಲ. ಆವತ್ತಿನಿಂದ ಅದೊಂದು ತನ್ನನ್ನು ಚುಚ್ಚುತ್ತಲೇ ಇದೆ ಎಂದ.

ಅವನು ಚಮಚದಿಂದ ಸಾರು ಕಲಕಿದ.

"ಝೆನೈದಾ..." ಮೇಡಂ ಅನ್ನಲಿಲ್ಲ ಅವನು. "ಅಮ್ಮ ಹೇಳಿದ್ದು ನಿಜ. ನಂಗೆ ನೀವಂದ್ರೆ ಇಷ್ಟ. ಉತ್ತರ ಈಗ್ಲೇ ಹೇಳ್ಬೇಕು ಅಂತೇನಿಲ್ಲ."

ಅವಳು ಚಮಚ ಕೆಳಗಿಟ್ಟಳು. ಅವನನ್ನೇ ನೇರವಾಗಿ ನೋಡಿದಳು.

"ನಂಗೂ ನೀವು ಇಷ್ಟ, ರಾಮಿಲ್. ಇನ್ನು ಕಾಯೋದು ಬೇಡ."

ಅವನು ತನ್ನ ಬೋಗುಣಿಯಲ್ಲಿದ್ದ ಮೊಟ್ಟೆಯನ್ನು ಎತ್ತಿ ಅವಳ ಬೋಗುಣಿಗೆ ಹಾಕಿದ.

"ತಿನ್ನಿ. ತಣ್ಣಗಾಗುತ್ತೆ."

ಅವಳು ಮೊಟ್ಟೆಯನ್ನು ಎರಡು ಹೋಳು ಮಾಡಿ, ಒಂದನ್ನು ಅವನಿಗೇ ವಾಪಸು ಹಾಕಿದಳು.

"ನೀನೂ ತಿನ್ನು," ಎಂದಳು.