ಮೂಲೆರಾಣಿಗೆ ಬೆನ್ನು ಮಾಡಿ ಕೂತವರು

"ರೀ! ಮೊದಲು ಆ ಕೋಲು ಕೆಳಗಿಡಿ!"

ಅವಳು ಕೂಗಿದ ರಭಸಕ್ಕೆ ಶೆಲ್ಟರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳತೊಡಗಿದವು. ನೀರಿನ ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿದಳು. ಓಣಿಯ ಕೊನೆಯ ಗೂಡಿನ ಮುಂದೆ ಯಾರೋ ಬಗ್ಗಿ ನಿಂತಿದ್ದ. ಕೈಯಲ್ಲಿ ಕಪ್ಪಗೆ, ಉದ್ದಕ್ಕೆ ಏನೋ ಇತ್ತು.

ಹತ್ತಿರ ಹೋದ ಮೇಲೆ ಗೊತ್ತಾಯಿತು... ಅದು ಕೋಲಲ್ಲ, ಮಡಚಿದ ಕೊಡೆ!

"ಕೊಡೆ ಇದು," ಎಂದ ಅವನು, ಗಾಬರಿಯಲ್ಲೇ. "ಬೇಕಿದ್ರೆ ಬಿಚ್ಚಿ ತೋರಿಸ್ತೀನಿ."

"ಬೇಡ! ನಾಯಿ ಇನ್ನೂ ಹೆದರುತ್ತೆ. ಅದನ್ನ ಹಾಗೆ ನೆಟ್ಟಗೆ ನೋಡಲೂಬೇಡಿ. ನೀವು ನೋಡಿದಷ್ಟೂ ಅದು ಗೋಡೆ ಒಳಗೆ ಹೋಗುತ್ತೆ."

ಅವನು ತಟ್ಟನೆ ಮುಖ ತಿರುಗಿಸಿದ. ಈಗ ನೋಟ ನೇರವಾಗಿ ಅವಳ ಮೇಲೆ ಬಿತ್ತು.

"ತಪ್ಪಾಯ್ತು. ನೋಡೋದೇ ನನ್ನ ಕೆಲಸ ಆಗಿಬಿಟ್ಟಿದೆ. ಕನ್ನಡಕದ ಅಂಗಡಿ ನನ್ನದು." ಅವಳು ಕಣ್ಣು ಕಿರಿದು ಮಾಡಿದ್ದನ್ನು ಕಂಡು, "ನಿಮಗೆ ದೂರದ್ದು ಸರಿಯಾಗಿ ಕಾಣಲ್ಲ, ಅಲ್ವಾ?" ಎಂದ.

ಎಷ್ಟು ಧೈರ್ಯ ಇವನಿಗೆ!

"ಕಾಣಬೇಕಾದಷ್ಟು ಕಾಣುತ್ತೆ," ಎಂದಳು ಅವಳು.

ಗಂಡ ಹೋದ ಮೇಲೆ ಅವಳಿಗೆ ದೂರದ್ದು ಮಸುಕಾಗಿ ಕಂಡರೇ ಹಿತವೆನಿಸುತ್ತಿತ್ತು. ರಸ್ತೆಯ ಆ ಬದಿಯಲ್ಲಿ ಪರಿಚಯದವರು ಬಂದರೂ ಗುರುತು ಸಿಗುತ್ತಿರಲಿಲ್ಲ. ಮಾತಾಡಿಸುವ ಕಷ್ಟವೂ ಇರಲಿಲ್ಲ.

ಶೆಲ್ಟರ್ ನಡೆಸುತ್ತಿದ್ದದ್ದು ಅವಳ ಅತ್ತೆ. ಮಗನನ್ನು ಕಳೆದುಕೊಂಡ ಅತ್ತೆ, ಗಂಡನನ್ನು ಕಳೆದುಕೊಂಡ ಸೊಸೆ. ಇಬ್ಬರೂ ಅವನ ಹೆಸರೆತ್ತದೆ, ದಿನವಿಡೀ ನಾಯಿಗಳ ಹೆಸರು ಕೂಗುತ್ತ ಬದುಕುತ್ತಿದ್ದರು.

ಕೊನೆಯ ಗೂಡಿನ ಕಂದು ಬಣ್ಣದ ನಾಯಿಗೆ ಅತ್ತೆ ಮೂಲೆರಾಣಿ ಎಂದು ಹೆಸರಿಟ್ಟಿದ್ದರು. ಬಂದಾಗಿನಿಂದ ಅದು ಮೂಲೆ ಬಿಟ್ಟು ಕದಲಿರಲಿಲ್ಲ. ಜನ ಇರುವಾಗ ಊಟ ಮುಟ್ಟುತ್ತಿರಲಿಲ್ಲ. ಚಿಲಕದ ಸದ್ದು ಕೇಳಿದರೆ ಮೈಯೆಲ್ಲ ನಡುಗುತ್ತಿತ್ತು. ಅದಕ್ಕೇ ಆ ಗೂಡಿನ ಚಿಲಕಕ್ಕೆ ಅವಳು ಹಳೆಯ ಬಟ್ಟೆ ಸುತ್ತಿದ್ದಳು.

"ಚಿಲಕಕ್ಕೆ ಯಾಕೆ ಬಟ್ಟೆ?" ಎಂದು ಅವನು ಅಂದೇ ಕೇಳಿದ್ದ.

"ಯಾರೋ ಅದನ್ನ ಕೋಣೆಯಲ್ಲಿ ಕೂಡಿಹಾಕಿ, ಮನೆ ಖಾಲಿ ಮಾಡಿಕೊಂಡು ಹೋಗಿದ್ರು."

ಅವನು ಆ ಬಟ್ಟೆಯನ್ನೇ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಹೇಳಿದ, "ಇದನ್ನ ನಾನು ಕರ್ಕೊಂಡು ಹೋಗ್ತೀನಿ."

"ಅಷ್ಟು ಸುಲಭ ಅಲ್ಲ. ಅದು ನಿಮ್ಮನ್ನ ಒಪ್ಪಬೇಕು."

"ಒಪ್ಪೋಕೆ ನಾನೇನು ಮಾಡ್ಬೇಕು?"

"ಏನೂ ಮಾಡಬಾರದು. ಅದೇ ಕಷ್ಟ."

ಹೆದರಿದ ನಾಯಿಯ ಬಳಿ ಕೂರುವುದಕ್ಕೆ ಆ ಶೆಲ್ಟರಿನಲ್ಲಿ ಒಂದು ಕ್ರಮವಿತ್ತು. ಗೂಡಿನೊಳಗೆ ನೆಲದ ಮೇಲೆ, ನಾಯಿಗೆ ಬೆನ್ನು ಮಾಡಿ ಕೂರಬೇಕು. ಕೈ ಚಾಚಬಾರದು, ತಿರುಗಿ ನೋಡಬಾರದು. ಮೆಲುದನಿಯಲ್ಲಿ ಏನಾದರೂ ಮಾತಾಡುತ್ತಿರಬೇಕು. ಹೊಸಬರು ಬಂದರೆ ಶೆಲ್ಟರಿನವರೊಬ್ಬರು ಜೊತೆಗೆ ಕೂರಬೇಕು.

ಹಾಗಾಗಿ ಪ್ರತಿ ಭಾನುವಾರ ಅವರಿಬ್ಬರೂ ಪಕ್ಕಪಕ್ಕದಲ್ಲಿ, ಎದುರಿನ ನೀಲಿ ಗೋಡೆ ನೋಡುತ್ತ ಕೂತರು.

ಮೊದಲ ವಾರಗಳಲ್ಲಿ ಅವನು ಗಿರಾಕಿಗಳ ಕಥೆ ಹೇಳಿದ. ಹಣೆ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಕಳೆದಿದೆ ಎಂದು ಜಗಳಕ್ಕೆ ಬಂದ ಮೇಷ್ಟ್ರ ಕಥೆ ಹೇಳಿದಾಗ ಅವಳು ನಕ್ಕುಬಿಟ್ಟಳು. ನಕ್ಕು, ತನ್ನ ದನಿಗೆ ತಾನೇ ಬೆಚ್ಚಿದಳು.

ಬರಬರುತ್ತ ಅವಳೂ ಮಾತಾಡಿದಳು. ಗಂಡ ಟೀ ಲೋಟವನ್ನು ಎಲ್ಲೆಂದರಲ್ಲಿ ಇಟ್ಟು ಮರೆಯುತ್ತಿದ್ದದ್ದು, ಅವನು ಹೋದ ಮೇಲೂ ಪುಸ್ತಕದ ಕಪಾಟಿನ ಹಿಂದೆ ಒಂದು ಲೋಟ ಸಿಕ್ಕಿದ್ದು... ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮುಖ ನೋಡಬೇಕಾಗಿದ್ದರೆ ಇವನಿಗೂ ಹೇಳುತ್ತಿರಲಿಲ್ಲ.

ಅವನು ಸಮಾಧಾನ ಹೇಳಲಿಲ್ಲ. "ಲೋಟ ತೊಳೆದ್ರಾ?" ಎಂದಷ್ಟೇ ಕೇಳಿದ.

"ಇಲ್ಲ."

"ಒಳ್ಳೇದಾಯ್ತು."

ತನ್ನ ವಾಸನೆ ರೂಢಿಯಾಗಲಿ ಎಂದು ಅವನು ಒಂದು ಹಳೆಯ ಬೂದು ಸ್ವೆಟರ್ ತಂದು ಮೂಲೆಯಲ್ಲಿ ಬಿಟ್ಟ. ಮುಂದಿನ ವಾರ ರಾಣಿ ಅದರ ಮೇಲೆ ಮಲಗಿತ್ತು. ಅದರ ಮುಂದಿನ ವಾರ, ಅವನು ಮಾತಿನ ನಡುವೆ ಇದ್ದಕ್ಕಿದ್ದಂತೆ ನಿಲ್ಲಿಸಿದ.

"ಏನಾಯ್ತು?" ಎಂದಳು.

"ಷ್... ಬೆನ್ನಿಗೆ ಗದ್ದ ಒರಗಿಸಿದೆ."

ಅವನ ದನಿ ಒದ್ದೆಯಾಗಿತ್ತು. ಅವಳು ತಿರುಗಲಿಲ್ಲ. ಆದರೆ ಓರೆಗಣ್ಣಿನಲ್ಲಿ ನೋಡಿದ್ದು ನಾಯಿಯನ್ನಲ್ಲ... ಅವನನ್ನು!

ಅಂದು ಮನೆಗೆ ಹೋಗುವಾಗ ಅವಳಿಗೆ ಭಯವಾಯಿತು.

ನಾಯಿಯನ್ನು ಕಳಿಸುವ ಮುಂಚೆ ಮನೆ ನೋಡಿ ಬರುವುದು ಅವಳ ಕೆಲಸ. ಅವನ ಮನೆ ಚೊಕ್ಕಟವಾಗಿತ್ತು. ಬಿಸಿಲು ಬೀಳುವ ಕಿಟಕಿಯ ಕೆಳಗೆ ಮೆತ್ತನೆಯ ಹಾಸಿಗೆಯೂ ಸಿದ್ಧವಾಗಿತ್ತು. ಅವನು ಟೀ ತರಲು ಒಳಗೆ ಹೋದಾಗ ಅವಳು ಪಕ್ಕದ ಕೋಣೆಯ ಬಾಗಿಲು ನೋಡಿದಳು.

ಚಿಲಕ ಹೊರಗಡೆ ಇತ್ತು.

ಬಾಗಿಲು ತಳ್ಳಿದಳು. ಒಳಮೈಯಲ್ಲಿ ಬಣ್ಣ ಎದ್ದುಹೋಗಿತ್ತು. ಉದ್ದುದ್ದ ಗೀರುಗಳು... ಒಂದರ ಮೇಲೊಂದು, ಮರ ಕಾಣುವಷ್ಟು ಆಳಕ್ಕೆ.

ಅವಳು ಒಂದು ಗೀರಿನಲ್ಲಿ ಬೆರಳಿಟ್ಟು ನೋಡಿದಳು.

"ಮುಂಚೆ ನಾಯಿ ಸಾಕಿದ್ರಾ?"

ಟೀ ಲೋಟ ಹಿಡಿದು ಬಂದವನು ಅಲ್ಲೇ ನಿಂತ.

"ಇಲ್ಲ."

"ಸುಳ್ಳು ಹೇಳಬೇಡಿ! ಹಾಗಾದ್ರೆ ಹೊರಗಡೆಯಿಂದ ಈ ಚಿಲಕ ಯಾಕೆ?"

"ನಾನೇ ಹಾಕಿಸಿದ್ದು. ಅದನ್ನ ಕೇಳಬೇಡಿ... ದಯವಿಟ್ಟು."

"ಕೇಳೋಕೇನಿದೆ? ಬಾಗಿಲು ಕೆರೆದು ಕೆರೆದು ಕರೀತಾ ಇದ್ರೂ ತೆಗೀದೆ ಇರೋರು ಮನುಷ್ಯರಾ? ರಾಣಿನ ನಿಮ್ಮ ಕೈಗೆ ಕೊಡಲ್ಲ!"

ಅವನು ತಲೆ ತಗ್ಗಿಸಿದ. "ನೀವು ಹೇಳಿದ್ದು ಸರಿ," ಎಂದ.

ಅವಳು ಟೀ ಕುಡಿಯದೆ ಹೊರಟುಬಂದಳು. ಶೆಲ್ಟರಿಗೆ ಬಂದವಳೇ ಆ ಸ್ವೆಟರನ್ನು ಎಳೆದುಕೊಂಡು, ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದಳು. ಅಳು ಬರಲಿಲ್ಲ. ಕೈ ಮಾತ್ರ ನಿಲ್ಲಲಿಲ್ಲ.

ಆ ಭಾನುವಾರ ಅವನು ಬರಲಿಲ್ಲ. ಗೂಡುಗಳು ತುಂಬಿದ್ದವು. ಬೇಗ ಮನೆ ಸಿಗದಿದ್ದರೆ ರಾಣಿಯನ್ನು ಊರಾಚೆಯ ದೊಡ್ಡ ಶೆಲ್ಟರಿಗೆ ಕಳಿಸಬೇಕಿತ್ತು. ಅಲ್ಲಿ ಎಲ್ಲ ನಾಯಿಗಳೂ ಒಂದೇ ಅಂಗಳದಲ್ಲಿ. ಊಟಕ್ಕೆ ಕಚ್ಚಾಡುವ ಆ ಗುಂಪಿನಲ್ಲಿ ಮೂಲೆರಾಣಿ ಉಳಿಯುವ ಜೀವವಲ್ಲ.

ಅಷ್ಟರಲ್ಲಿ ಒಂದು ಸಂಸಾರ ಬಂತು. ಒಳ್ಳೆಯ ಜನ, ದೊಡ್ಡ ಮನೆ. ಅವಳು ಅವಸರದಲ್ಲಿ ಒಪ್ಪಿ ಕಳಿಸಿಬಿಟ್ಟಳು.

ಎರಡು ವಾರ ತುಂಬುವ ಮೊದಲೇ ಅವರು ರಾಣಿಯನ್ನು ವಾಪಸ್ ತಂದರು.

"ಮಂಚದ ಕೆಳಗಿಂದ ಹೊರಗೇ ಬರಲ್ಲ. ಊಟಾನೂ ಮಾಡಲ್ಲ," ಎಂದಳು ಆ ಮನೆಯಾಕೆ, ಕಣ್ಣು ತುಂಬಿಕೊಂಡು. "ನಮ್ಮ ಕೈಲಿ ನೋಡೋಕೆ ಆಗ್ತಿಲ್ಲ, ಕಣ್ರೀ."

ರಾಣಿಯ ಪಕ್ಕೆಲುಬು ಕಾಣುವಂತಾಗಿತ್ತು. ಅವರು ಹೋದ ಮೇಲೆ ಅವಳು ಸ್ವೆಟರನ್ನು ತಂದು ಮುಂದಿಟ್ಟಳು. ರಾಣಿ ಮೂಸಿತು... ಮತ್ತೊಮ್ಮೆ ಮೂಸಿತು... ಅಲ್ಲಿ ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅದು ಗೋಡೆಯತ್ತ ಮುಖ ಮಾಡಿ ಮಲಗಿತು.

ಅಯ್ಯೋ, ಎಂಥ ಕೆಲಸ ಮಾಡಿದೆ ನಾನು!

"ಆ ಕನ್ನಡಕದವನನ್ನ ಕರೆಸು," ಎಂದರು ಅತ್ತೆ ಬಾಗಿಲಲ್ಲಿ ನಿಂತು.

"ಅವರು ನಾಯಿನ ಕೂಡಿಹಾಕಿದೋರು ಅತ್ತೆ. ಬಾಗಿಲ ಮೇಲೆ ಗೀರಿತ್ತು, ನಾನೇ ನೋಡಿದೆ."

"ಎಷ್ಟು ಎತ್ತರದಲ್ಲಿತ್ತು?"

"ಅಂದ್ರೆ?"

"ಗೀರು ಕಣೇ. ಎಷ್ಟು ಎತ್ತರ?"

ಅವಳು ಕೈ ಎತ್ತಿ ತೋರಿಸಿದಳು. ಎದೆಯ ಮಟ್ಟಕ್ಕೆ, ಬಾಗಿಲ ಹಿಡಿಯ ಸುತ್ತ... ಎತ್ತಿದ ಕೈ ಹಾಗೇ ನಿಂತಿತು.

ಕೂಡಿಹಾಕಿದ ನಾಯಿ ಕೆರೆಯುವುದು ಕೆಳಗೆ, ಬೆಳಕು ಬರುವ ಸಂದಿನಲ್ಲಿ. ಅಂಥ ಬಾಗಿಲುಗಳನ್ನು ಅವಳು ಎಷ್ಟು ನೋಡಿಲ್ಲ! ಆ ಬಾಗಿಲಿನ ಕೆಳತುದಿಯ ಬಣ್ಣ ಹೊಸದರಂತೆ ಹೊಳೆಯುತ್ತಿತ್ತು. ಹಿಡಿ ಎಲ್ಲಿದೆ ಎಂದು ಹುಡುಕುವುದು ನಾಯಿಯಲ್ಲ... ಮನುಷ್ಯರು.

ಇದು ತನಗೆ ಅಂದೇ ಯಾಕೆ ಹೊಳೆಯಲಿಲ್ಲ? ಅಥವಾ ಹೊಳೆಯುವುದು ಬೇಡವಾಗಿತ್ತೇ? ರಾಣಿ ಅವನ ಬೆನ್ನಿಗೆ ಗದ್ದ ಒರಗಿಸಿದ ಆ ದಿನದಿಂದ ಅವಳು ಓಡಿಹೋಗಲು ಒಂದು ಕಾರಣ ಹುಡುಕುತ್ತಿದ್ದಳು. ಬಾಗಿಲಲ್ಲಿ ಅದು ಸಿಕ್ಕಿತ್ತು, ಅಷ್ಟೇ.

"ಅತ್ತೆ... ನಾನು..."

"ಬಾಯಿ ಬಿಟ್ಟು ಹೇಳ್ಬೇಡ, ನಂಗೂ ಅಳು ಬರುತ್ತೆ." ಅತ್ತೆ ತಮ್ಮ ಕನ್ನಡಕ ತೆಗೆದು ಅವಳ ಕೈಗಿಟ್ಟರು. "ಇದರ ಕಾಲು ಸಡಿಲ ಆಗಿದೆ. ತಗೊಂಡು ಹೋಗು. ನಿನಗೊಂದು ನೆಪ ಬೇಕಲ್ಲ."

"ಇದಿಲ್ಲದೆ ನೀವು..."

"ನಿನ್ನ ಹಾಗೆ ಒಂದು ಸಂಜೆ ಕುರುಡಾಗಿರ್ತೀನಿ. ಹೋಗೇ!"

ಅಂಗಡಿಯಲ್ಲಿ ಅವನು ಒಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ. ಅವಳು ಕನ್ನಡಕವನ್ನೂ ಸ್ವೆಟರನ್ನೂ ಗಾಜಿನ ಮೇಜಿನ ಮೇಲಿಟ್ಟಳು.

"ಆ ಕೋಣೇಲಿ ಇದ್ದದ್ದು ಯಾರು?" ಎಂದಳು.

ಅವನು ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಕನ್ನಡಕದ ಮೇಲೆ ಬಗ್ಗಿದ.

"ಅಮ್ಮ. ಈಗಿಲ್ಲ. ಕೊನೆಕೊನೆಗೆ ಮರೆವಿನ ಕಾಯಿಲೆ. ಬಾಗಿಲು ತೆಗೆದಿದ್ರೆ ರಸ್ತೆಗೆ ಹೋಗಿಬಿಡೋರು. ಒಂದು ಸಲ ಬಸ್ಸಿನ ಕೆಳಗೆ ಸಿಗೋದ್ರಲ್ಲಿದ್ರು. ನೋಡ್ಕೊಳ್ಳೋಕೆ ಬರ್ತಿದ್ದಾಕೆ ಬಿಟ್ಟುಹೋದ್ಲು. ನಾನು ಅಂಗಡಿ ತೆಗೀಲೇಬೇಕಿತ್ತು. ಬಾಚಣಿಗೆಯಿಂದ ಕೆರೀತಿದ್ರು... ಮಧ್ಯಾಹ್ನ ಹೋಗಿ ಬಾಗಿಲು ತೆಗೆದ್ರೆ, ಯಾರಪ್ಪಾ ನೀನು, ನನ್ನ ಮಗನ್ನ ಕರೀತೀಯಾ ಅನ್ನೋರು."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನಾಯಿನ ಕೂಡಿಹಾಕಿದೋನು ಮನುಷ್ಯನೇ ಅಲ್ಲ ಅಂದ್ರಿ. ನಾನು ಹೆತ್ತ ತಾಯಿನ ಕೂಡಿಹಾಕಿದ್ದೆ. ಏನಂತ ಹೇಳ್ಲಿ?"

ಅವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು. ಗಂಡ ಹೋದ ದಿನವೂ ಬಾರದ ಅಳು, ಈ ಅಂಗಡಿಯಲ್ಲಿ, ಸಾಲುಸಾಲು ಖಾಲಿ ಕನ್ನಡಕಗಳ ಎದುರಿಗೆ ಬಂತು.

"ನಾನು ದುಡುಕಿದೆ. ರಾಣಿ ವಾಪಸ್ ಬಂದಿದೆ... ಏನೂ ತಿಂತಿಲ್ಲ. ನಿಮ್ಮ ಸ್ವೆಟರ್ ಹುಡುಕ್ತು. ನಾನು ಅದನ್ನ ತೊಳೆದುಬಿಟ್ಟಿದ್ದೆ."

ಅವನು ಬರುತ್ತೇನೆ ಎನ್ನಲಿಲ್ಲ. ಸ್ವೆಟರನ್ನು ಮಾತ್ರ ತನ್ನ ಕಡೆಗೆ ಎಳೆದುಕೊಂಡ.

ಆ ವಾರ ಅವಳು ದಿನವೂ ರಾಣಿಗೆ ಬೆನ್ನು ಮಾಡಿ ಒಬ್ಬಳೇ ಕೂತಳು. ಗಂಜಿಯ ತಟ್ಟೆಯನ್ನು ಹಿಂದಕ್ಕೆ ಸರಿಸಿಡುತ್ತಿದ್ದಳು. ಒಮ್ಮೊಮ್ಮೆ ನೆಕ್ಕುವ ಸದ್ದು ಕೇಳುತ್ತಿತ್ತು, ಒಮ್ಮೊಮ್ಮೆ ಇಲ್ಲ.

ಭಾನುವಾರ ಓಣಿಯ ತುದಿಯಲ್ಲಿ ಯಾರೋ ನಿಂತಂತೆ ಕಂಡಿತು. ಮಸುಕು ಮಸುಕಾಗಿ, ಬೂದು ಬಣ್ಣ... ಈ ಸಲ ಅವಳಿಗೆ ದೂರದಿಂದಲೇ ಗುರುತು ಸಿಕ್ಕಿತು!

ಅವನು ಸುಡು ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಬಂದಿದ್ದ. ಹಣೆಯೆಲ್ಲ ಬೆವರು.

"ಇದೇನಿದು?"

"ವಾರವಿಡೀ ತೆಗೆದಿಲ್ಲ. ಗಿರಾಕಿಗಳೆಲ್ಲ ಜ್ವರಾನಾ ಅಂತ ಕೇಳಿದ್ರು. ಹೌದು ಅಂದೆ."

ಬಟ್ಟೆ ಸುತ್ತಿದ ಚಿಲಕವನ್ನು ಅವನೇ ಸದ್ದಿಲ್ಲದೆ ಸರಿಸಿದ. ಇಬ್ಬರೂ ಒಳಗೆ ಹೋಗಿ ನೀಲಿ ಗೋಡೆಗೆ ಮುಖ ಮಾಡಿ ಕೂತರು. ಅವನು ಸ್ವೆಟರ್ ತೆಗೆದು ಹಿಂದೆ ಇಟ್ಟ.

ರಾಣಿ ಬರಲಿಲ್ಲ.

"ಮುಂಚಿನ ಹಾಗೆ ಆಗಲ್ಲ ಅನ್ಸುತ್ತೆ," ಎಂದಳು ಅವಳು. "ನಾನೇ ಕೆಡಿಸಿದೆ."

"ಆಗದೇ ಇರಬಹುದು. ಆದ್ರೂ ಕರ್ಕೊಂಡು ಹೋಗ್ತೀನಿ. ಮನೇಲಿ ಮೂಲೆ ಇದೆಯಲ್ಲ." ಗೋಡೆ ನೋಡುತ್ತಲೇ ಹೇಳಿದ, "ಆ ಚಿಲಕ ಬಿಚ್ಚಿ ಎಸೆದೆ. ಬಾಗಿಲಿಗೆ ಬಣ್ಣ ಹಚ್ಚೋಕೆ ಮಾತ್ರ ಮನಸ್ಸು ಬರಲಿಲ್ಲ."

"ಹಚ್ಚಬೇಡಿ," ಎಂದಳು. "ನಾನೂ ಆ ಲೋಟ ತೊಳೆದಿಲ್ಲ."

ಹಿಂದೆ ಉಗುರುಗಳ ಸದ್ದು... ಒಂದು ಹೆಜ್ಜೆ. ಮೌನ. ಮತ್ತೊಂದು ಹೆಜ್ಜೆ. ಯಾರ ಬೆನ್ನಿಗೂ ಗದ್ದ ಒರಗಲಿಲ್ಲ. ಸ್ವೆಟರನ್ನು ಮೂಸುವ ಉಸಿರು ಮಾತ್ರ ಕೇಳಿಸಿತು. ಆಮೇಲೆ ಅವರಿಬ್ಬರ ಹಿಂದೆ, ಮುಟ್ಟದಷ್ಟು ದೂರದಲ್ಲಿ, ಒಂದು ದೇಹ ಮೆಲ್ಲಗೆ ಮಲಗಿತು.

"ಮನೆ ನೋಡೋಕೆ ಇನ್ನೊಂದು ಸಲ ಬರ್ತೀರಾ?" ಅವನ ದನಿ ತೀರಾ ಮೆಲ್ಲಗಿತ್ತು.

"ಬರ್ತೀನಿ. ಈ ಸಲ ಟೀ ಕುಡಿದೇ ಹೊರಡೋದು."

"ಹೊರಡದೇ ಇದ್ರೂ ಆಗುತ್ತೆ."

ಅವಳು ನೆಲದ ಮೇಲಿದ್ದ ಅವನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು.

"ನಿಮ್ಮ ಕಡೆ ಒಂದು ಸಲ ತಿರುಗಬಹುದಾ?" ಎಂದ.

"ನಿಧಾನಕ್ಕೆ... ಹೆದರಿಕೆ ಆಗುತ್ತೆ."

"ಅದಕ್ಕೋ, ನಿಮಗೋ?"

"ಇಬ್ಬರಿಗೂ."