ಕಾಡು ಬಾತಿನ ರಕ್ತ

ನನ್ನ ತಲೆ ಕೆರೆಯ ನೀರಿನೊಳಗಿತ್ತು.

ಮೇಲೆತ್ತಿದ. ಉಸಿರೆಳೆದುಕೊಂಡೆ. ಮತ್ತೆ ಅದ್ದಿದ!

"ಇವೆಲ್ಲ ಸಾಕಿದ ಬಾತುಕೋಳಿ ಅಂತ ನಿನ್ನ ಅಕ್ಕನೇ ರಿಪೋರ್ಟ್ ಬರೆದಾಯ್ತಲ್ಲ? ಮತ್ತೆ ಇಲ್ಲೇನು ಹುಡುಕ್ತಿದ್ದೀಯ?"

ನನ್ನ ಕತ್ತು ಹಿಡಿದವನು ಬೋಳ. ಈ ಕೆರೆ ಮುಚ್ಚಿ ಫ್ಲಾಟ್ ಕಟ್ಟಲು ಹೊರಟ ಬಿಲ್ಡರ್‌ನ ಬಲಗೈ.

ವಿಷಯ ಇಷ್ಟೇ ಸ್ವಾಮಿ... ಇಲ್ಲಿರುವುದು ಕಾಡು ಬಾತುಗಳಾದರೆ ಕೆರೆಯನ್ನು ಯಾರೂ ಮುಟ್ಟುವಂತಿಲ್ಲ. ಸಾಕಿದವಾದರೆ ನಾಳೆಯೇ ಮಣ್ಣಿನ ಲಾರಿ ಬರುತ್ತದೆ. ನೋಡಲು ಎರಡೂ ಒಂದೇ ಥರ. ಅದಕ್ಕೇ ಕೋರ್ಟು ಅವುಗಳ ರಕ್ತದಿಂದ ಜೀನೋಮ್, ಅಂದರೆ ವಂಶದ ಪೂರ್ತಿ ಜಾತಕ, ಓದಿಸಿ ಅಂದಿತ್ತು. ಓದಿದವಳು ನನ್ನ ಅಕ್ಕ. ಬಿಲ್ಡರ್‌ಗೆ ಹೆದರಿ ಬೇರಾರೂ ಬಾರದ ಕಾರಣ ಬಲೆ ಹಾಕಿ ರಕ್ತ ತೆಗೆದವನು ನಾನು. ನಾನು ಪತ್ತೇದಾರ, ಕಂಡವರ ಗುಟ್ಟು ಕೆದಕುವುದೇ ನನ್ನ ಕಸುಬು. ರಕ್ತದ ಐಸ್ ಬಾಕ್ಸನ್ನು ಕಾರಿನಲ್ಲಿ ಲ್ಯಾಬಿಗೆ ಒಯ್ದವರು ಭಾವ, ಅಕ್ಕನ ಗಂಡ.

ಆ ರಿಪೋರ್ಟ್ ನನಗೇಕೋ ಗಂಟಲಲ್ಲಿ ಇಳಿದಿರಲಿಲ್ಲ.

ಮೊಣಕೈಯಿಂದ ಬೋಳನ ಹೊಟ್ಟೆಗೆ ಒಂದು ಬಿಟ್ಟೆ! ಹಿಡಿತ ಸಡಿಲಾಯಿತು. ಗದ್ದಲಕ್ಕೆ ಬಾತುಗಳು ಪಟಪಟನೆ ಎದ್ದವು. ಮುಂದೆ ಹಸಿರು ತಲೆಯ ಗಂಡುಗಳು. ಹಿಂದೆ, ಹುಲ್ಲಿನೊಳಗಿಂದ, ಕಂದು ಬಣ್ಣದ ಹೆಣ್ಣುಗಳು. ಇಷ್ಟೊಂದು ಹೆಣ್ಣುಗಳಿವೆ ಅಂತ ನನಗೆ ಗೊತ್ತೇ ಇರಲಿಲ್ಲ! ಅವತ್ತು ನನ್ನ ಬಲೆಗೆ ಬಿದ್ದದ್ದು ಬರೀ ಹಸಿರು ತಲೆಗಳು...

ಬೈಕ್ ಹತ್ತಿದೆ. ಹಿಂದೆಯೇ ಬೋಳನ ಜೀಪು! ಮಾರ್ಕೆಟ್ಟಿನ ಸಂದಿಗೆ ನುಗ್ಗಿದೆ. ಜೀಪು ತರಕಾರಿ ಗಾಡಿಗಳ ನಡುವೆ ಸಿಕ್ಕಿಕೊಂಡಿತು. ಮಾರುವ ಹೆಂಗಸರು ಬೋಳನ ಜನ್ಮ ಜಾಲಾಡುತ್ತಿದ್ದರು.

ಅಕ್ಕ ಲ್ಯಾಬಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಯಾಕೆ?

ಬಾಗಿಲು ತೆರೆದಳು. ನನ್ನ ಒದ್ದೆ ಬಟ್ಟೆ ನೋಡಿಯೂ ಏನಾಯಿತು ಅಂತ ಕೇಳಲಿಲ್ಲ. ಅದ್ಯಾಕೆ? ಒಡಹುಟ್ಟಿದವಳ ಮೇಲೇ ನನಗೆ ಅನುಮಾನ ಬಂತು.

"ಅಕ್ಕಾ, ಜೀನೋಮ್‌ನಲ್ಲಿ ಗಂಡು ಹೆಣ್ಣು ಗೊತ್ತಾಗುತ್ತಾ?"

"ಆಗುತ್ತೆ. ಹೆಣ್ಣು ಬಾತಿಗೆ ಮಾತ್ರ ಇರೋ ಕ್ರೋಮೋಸೋಮ್ ಒಂದಿದೆ. ಕೋರ್ಟ್ ಕೇಳಿರಲಿಲ್ಲ, ನಾನೂ ನೋಡಲಿಲ್ಲ. ಯಾಕೋ?"

"ಈಗ ನೋಡು."

ಕಂಪ್ಯೂಟರ್ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

"ಎಲ್ಲಾ ಹೆಣ್ಣು ಕಣೋ..."

"ನಾನು ಹಿಡಿದದ್ದು ಎಲ್ಲಾ ಗಂಡು!"

ಒಬ್ಬರನ್ನೊಬ್ಬರು ದಿಟ್ಟಿಸಿದೆವು. ರಕ್ತ ಬದಲಾಗಿದೆ. ಬದಲಾಯಿಸಿದವರು ಯಾರು?

ಆಗಲೇ ಬಾಗಿಲಲ್ಲಿ ಭಾವ. ಎಂದಿನ ನಗು. "ಏನದು, ಅಕ್ಕ ತಮ್ಮನ ಗುಸುಗುಸು?"

ಸುಮ್ಮನೆ ಒಂದು ಕಲ್ಲು ಬೀಸಿ ನೋಡಿದೆ.

"ಗಂಡು ಬಾತಿನ ರಕ್ತ ಸಿಗ್ಲಿಲ್ವಾ ಭಾವಾ?"

"ಮೊಟ್ಟೆ ಫಾರಂನಲ್ಲಿ ಗಂಡು ಯಾಕಪ್ಪ ಸಾಕ್ತಾರೆ? ರಕ್ತದಲ್ಲಿ ಅದೂ ಗೊತ್ತಾಗುತ್ತೆ ಅಂತ ನನಗೇನು..."

ನಾಲಿಗೆ ಕಚ್ಚಿಕೊಂಡರು. ತಡವಾಗಿತ್ತು!

"ಬಿಲ್ಡರ್ ಫ್ಲಾಟ್ ಕೊಡ್ತೀನಿ ಅಂದ ಕಣೇ... ನಮ್ಮಿಬ್ಬರಿಗೇ ಅಲ್ವಾ? ಮನೆ ವಿಷಯ ಮನೇಲೇ ಇರ್ಲಿ."

ಅಕ್ಕ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲ ನೀವು..."

ಫೋನ್ ಎತ್ತಿ ವಕೀಲರಿಗೆ ಹೇಳಿದಳು: ರಿಪೋರ್ಟ್ ವಾಪಸ್, ರಕ್ತ ಬದಲಾಗಿದೆ, ಬದಲಾಯಿಸಿದವರು ನನ್ನ ಗಂಡ. ಆಮೇಲೆ ಪೊಲೀಸರಿಗೂ ಅದನ್ನೇ. ದನಿ ಒಂದಿಷ್ಟೂ ನಡುಗಲಿಲ್ಲ.

ಹೊರಗೆ ಬೋಳನ ಜೀಪು ಬಂದು ನಿಂತಿತು. ಓಡಿಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ಗುಟ್ಟು ಬಿಟ್ಟುಕೊಟ್ಟ ಭಾವ ಕಿಟಕಿಯಿಂದ ಇಣುಕಿ, ಬೋಳನಿಗೆ ಹೆದರಿ ಮೇಜಿನಡಿ ಕೂತರು. ಪೊಲೀಸರು ಬರುವವರೆಗೂ ಅಲ್ಲಿಂದ ಏಳಲಿಲ್ಲ.

ಸಂಜೆ ಪೊಲೀಸ್ ಕಾವಲಿನಲ್ಲಿ ಕೆರೆಗೆ ಹೋಗಿ ಹೊಸ ರಕ್ತ ತೆಗೆದೆವು.

"ನನಗೆ ನಿನ್ನ ಮೇಲೇ ಅನುಮಾನ ಇತ್ತು ಕಣೋ, ಅದಕ್ಕೇ ಚಿಲಕ ಹಾಕಿಕೊಂಡಿದ್ದೆ," ಅಂದಳು ಅಕ್ಕ.

"ನನಗೆ ನಿನ್ನ ಮೇಲೆ."

ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಬಾಕ್ಸಿಗೆ ಬೀಗ ಜಡಿದು, ಕೀ ತನ್ನ ಪರ್ಸಿಗೆ ಹಾಕಿಕೊಂಡಳು.

ಬೇಜಾರಾಗಲಿಲ್ಲ. ನನ್ನದೊಂದು ಬೀಗವನ್ನೂ ಅದರ ಪಕ್ಕದಲ್ಲೇ ಜಡಿದೆ!